ಇಂಬಳ, ಮಂಡಲದ ಹಾವು, ಒಂದು ಮಂಡಿ

ಮಲೆನಾಡಿನವರಿಗೆ ನಿಲ್ಲದ ರಕ್ತ ಹೊಸದೇನಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹೋಗಿಬಂದು ಜಗಲಿಯಲ್ಲಿ ಕೂತರೆ ಹಿಮ್ಮಡಿಯ ಹತ್ತಿರ ಕೆಂಪಗೆ ಒಂದು ಗೆರೆ ಇಳಿದಿರುತ್ತದೆ. ಇಂಬಳ ಹೊಟ್ಟೆ ತುಂಬಿಸಿಕೊಂಡು ಉದುರಿ ಎಷ್ಟೋ ಹೊತ್ತಾಗಿರುತ್ತದೆ. ಸುಣ್ಣ ಹಚ್ಚಿದರೂ ಪೇಪರ್ ಚೂರು ಅಂಟಿಸಿದರೂ ರಕ್ತ ಜಿನುಗುತ್ತಲೇ ಇರುತ್ತದೆ. ರಕ್ತ ಹೆಪ್ಪುಗಟ್ಟಲು ಥ್ರಾಂಬಿನ್ ಎಂಬ ಕಿಣ್ವ ಬೇಕು. ಅದರ ಕೈ ಕಟ್ಟಿಹಾಕುವ ಪ್ರೋಟೀನು ಇಂಬಳದ ಜೊಲ್ಲಿನಲ್ಲಿದೆ. ನೆಲದ ಮೇಲೆ ಓಡಾಡುವ ಇಂಬಳದಲ್ಲಿ ಸಿಕ್ಕ ಇಂಥ ಒಂದು ಪ್ರೋಟೀನಿಗೆ ಹೀಮಡಿನ್ ಎಂದು ಹೆಸರು. ಜೊಲ್ಲು ತೊಳೆದುಹೋದ ಮೇಲೆ ರಕ್ತ ತಾನೇ ನಿಲ್ಲುತ್ತದೆ, ಉಳಿಯುವುದು ತುರಿಕೆ ಮಾತ್ರ.

ಅಕ್ಕನ ಮಗನಿಗೆ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟುಕಾಯಿಲೆ, ಇದೆ ಎಂದು ಗೊತ್ತಾದಾಗ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಎಲ್ಲರೂ ಮೊದಲು ಹೆದರಿದ್ದು ಇಂಬಳಕ್ಕೆ, ಆಮೇಲೆ ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ. ಹುಡುಗ ಅಂಗಳಕ್ಕೆ ಇಳಿದರೂ ಹಿಂದೆ ಒಬ್ಬರು. ಹಿತ್ತಿಲ ಬಾಗಿಲಿಗೆ ಕಳ್ಳ ಬರುವಾಗ ಹೆಬ್ಬಾಗಿಲು ಕಾದ ಹಾಗಿತ್ತು ಅದು. ಹಿಮೋಫಿಲಿಯಾದಲ್ಲಿ ರಕ್ತ ಬೇರೆಯವರಿಗಿಂತ ಜೋರಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ, ಅಷ್ಟೆ. ಸಣ್ಣ ತರಚು ಗಾಯವನ್ನು ಪ್ಲೇಟ್‌ಲೆಟ್ ಕಣಗಳೇ ಮುಚ್ಚುತ್ತವೆ, ಅವು ಈ ಮಕ್ಕಳಲ್ಲಿ ಸರಿಯಾಗಿಯೇ ಇರುತ್ತವೆ. ಅನಾಹುತ ಆಗುವುದು ಕಣ್ಣಿಗೆ ಕಾಣದ ಕಡೆ: ಮಂಡಿ, ಕಾಲಿನ ಹರಡು, ಮೊಣಕೈ ಕೀಲುಗಳ ಒಳಗೆ.

ನಮ್ಮ ಹುಡುಗನಿಗೆ ಆಗ ಆರು ವರ್ಷ. ರಾತ್ರಿ ಊಟಕ್ಕೆ ಕೂತವನು, "ಮಾವಾ, ಮಂಡಿ ಒಳಗೆ ಏನೋ ಜುಂ ಅಂತಿದೆ" ಅಂದ. ನೋಡಿದರೆ ಏನೂ ಇಲ್ಲ. ಬಿದ್ದಿದ್ದೂ ಇಲ್ಲ. ಉಳುಕಿರಬೇಕು ಅಂತ ಹಿರಿಯರೊಬ್ಬರು ಎಣ್ಣೆ ಬಿಸಿ ಮಾಡಿ ಚೆನ್ನಾಗಿ ತಿಕ್ಕಿದರು, ಮೇಲೆ ಶಾಖ ಕೊಟ್ಟರು. ಬೆಳಗಾಗುವ ಹೊತ್ತಿಗೆ ಮಂಡಿ ಎಳೆ ಹಲಸಿನಕಾಯಿಯ ಹಾಗೆ ಬಿಗಿದು ಹೊಳೆಯುತ್ತಿತ್ತು, ಕಾಲು ಮಡಚಿದ್ದು ಬಿಚ್ಚಲು ಬರುತ್ತಿರಲಿಲ್ಲ. ಆ 'ಜುಂ' ಅನ್ನುವುದೇ ಬ್ಲೀಡ್, ಅಂದರೆ ಕೀಲಿನೊಳಗೆ ರಕ್ತ ಸೋರುವುದು, ಶುರುವಾದ ಸೂಚನೆ ಎಂದು ತಿಳಿದಿದ್ದು ಆಮೇಲೆ. ಆ ಗಳಿಗೆಯಲ್ಲಿ ಬೇಕಿದ್ದುದು ಫ್ಯಾಕ್ಟರ್ (ಈ ಮಕ್ಕಳ ರಕ್ತದಲ್ಲಿ ಕೊರತೆಯಿರುವ, ಹೆಪ್ಪುಗಟ್ಟಿಸುವ ಪ್ರೋಟೀನು) ಇಂಜೆಕ್ಷನ್, ಬಟ್ಟೆಯಲ್ಲಿ ಸುತ್ತಿದ ಐಸು, ಕಾಲಿಗೆ ಆಸರೆ. ಕೊಟ್ಟದ್ದು ಶಾಖ ಮತ್ತು ತಿಕ್ಕಾಟ. ಎರಡೂ ರಕ್ತನಾಳವನ್ನು ಇನ್ನಷ್ಟು ತೆರೆಯುವಂಥವು. ತಿಕ್ಕಿದವರಿಗೆ ಹುಡುಗನ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ. ಅವರನ್ನು ದೂರಿ ಏನು ಮಾಡುವುದು?

ಕೀಲಿನ ಒಳಗಡೆ ಒಂದು ತೆಳು ಪೊರೆ ಇದೆ, ಸೈನೋವಿಯಂ. ಅದರ ತುಂಬ ಸೂಕ್ಷ್ಮ ರಕ್ತನಾಳಗಳು. ಒಳಗೆ ಸೋರಿದ ರಕ್ತವನ್ನು ಈ ಪೊರೆಯೇ ಹೀರಿ ತೆಗೆಯಬೇಕು. ರಕ್ತದಲ್ಲಿನ ಕಬ್ಬಿಣ ಅಲ್ಲೇ ಉಳಿದು, ಪೊರೆ ಕೆರಳಿ ಊದಿಕೊಳ್ಳುತ್ತದೆ. ಊದಿದ ಪೊರೆಯಲ್ಲಿ ಹೊಸ ರಕ್ತನಾಳಗಳು ಹುಟ್ಟುತ್ತವೆ, ಅವು ಮೊದಲಿನವಕ್ಕಿಂತ ಬೇಗ ಒಡೆಯುತ್ತವೆ. ಮತ್ತೆ ರಕ್ತ, ಮತ್ತೆ ಕಬ್ಬಿಣ. ಹೀಗೆ ಒಂದೇ ಕೀಲು ಮೇಲಿಂದ ಮೇಲೆ ಬ್ಲೀಡ್ ಆಗತೊಡಗಿದರೆ ಅದನ್ನು ಟಾರ್ಗೆಟ್ ಜಾಯಿಂಟ್ ಅನ್ನುತ್ತಾರೆ. ಮೂಳೆಯ ತುದಿಯ ಮೃದ್ವಸ್ಥಿ ಸವೆಯುತ್ತಾ ಹೋಗುತ್ತದೆ. ಹಳೇ ತಲೆಮಾರಿನ ಹಿಮೋಫಿಲಿಯಾದವರು ಇಪ್ಪತ್ತಕ್ಕೇ ಕೋಲು ಹಿಡಿದದ್ದು ಇದರಿಂದ.

ನಮ್ಮ ಮನೆತನದಲ್ಲಿ ಕೋಲು ಹಿಡಿಯುವಷ್ಟು ದಿನ ಬದುಕದವರೂ ಇದ್ದರು. ಅಮ್ಮನ ಅಣ್ಣ, ನನಗೆ ಸೋದರಮಾವ ಆಗಬೇಕಾದವರು, ಹಲ್ಲು ಕಿತ್ತ ಮೇಲೆ ನಿಲ್ಲದ ರಕ್ತಕ್ಕೆ ಹನ್ನೊಂದನೇ ವಯಸ್ಸಿಗೆ ಹೋದರಂತೆ. ಸರ್ಪದೋಷ ಅಂದರಂತೆ ಊರಲ್ಲಿ. ದೋಷ ಇದ್ದದ್ದು ಎಕ್ಸ್ ವರ್ಣತಂತುವಿನಲ್ಲಿ. ಫ್ಯಾಕ್ಟರುಗಳಿಗೆ ಅಂಕಿಯೇ ಹೆಸರು. ಎಂಟನೇ ಫ್ಯಾಕ್ಟರ್ ಮಾಡುವ ಜೀನ್ ಕೆಟ್ಟರೆ ಹಿಮೋಫಿಲಿಯಾ ಎ, ಒಂಬತ್ತನೆಯದು ಕೆಟ್ಟರೆ ಬಿ. ಎರಡೂ ಜೀನ್ ಇರುವುದು ಎಕ್ಸ್ ಮೇಲೆಯೇ. ಎ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ. ಬಿ ಅದಕ್ಕಿಂತ ಅಪರೂಪ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಬಹುಮಟ್ಟಿಗೆ ಸಂಭಾಳಿಸುತ್ತದೆ, ಆದರೆ ಮಗನಿಗೆ ಯಾವ ಎಕ್ಸ್ ಹೋಗುತ್ತದೆ ಎನ್ನುವುದು ನಾಣ್ಯ ಚಿಮ್ಮಿದ ಹಾಗೆ. ಅಮ್ಮನಿಂದ ನನಗೆ ಒಳ್ಳೆಯದು ಬಂತು, ಅಕ್ಕನಿಗೆ ಕೆಟ್ಟದ್ದು. ಅಕ್ಕನಿಗೆ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. ಕೆಟ್ಟ ಜೀನ್ ಹೊತ್ತ ಹೆಂಗಸರಲ್ಲೂ (ವಾಹಕಿಯರು) ಫ್ಯಾಕ್ಟರ್ ಕಡಿಮೆ ಇರಬಹುದು, ಪರೀಕ್ಷೆ ಮಾಡಿಸಬೇಕು ಎಂದು ಮಗ ಹುಟ್ಟುವ ತನಕ ಯಾರೂ ಹೇಳಿರಲಿಲ್ಲ. ಮೂರರಲ್ಲೊಂದು ಪಾಲು ಪ್ರಕರಣಗಳಲ್ಲಿ ವಂಶದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೂ ಬರುತ್ತದೆ.

ಹಾವಿನ ಮಾತು ಬಂತಲ್ಲ. 1934ರಲ್ಲಿ ಮ್ಯಾಕ್‌ಫರ್ಲೇನ್ ಎಂಬ ತರುಣ ವೈದ್ಯರು ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಬಾರ್ನೆಟ್ ಜೊತೆ ಸೇರಿ ಬೇರೆ ಬೇರೆ ಹಾವುಗಳ ವಿಷವನ್ನು ಹಿಮೋಫಿಲಿಯಾ ರಕ್ತಕ್ಕೆ ಬೆರೆಸಿ ನೋಡಿದರು. ಗೆದ್ದದ್ದು ನಮ್ಮ ತೋಟದ ದರಗಿನಡಿ ಮಲಗುವ ಕೊಳಕುಮಂಡಲ. ಅದರ ವಿಷವನ್ನು ಹತ್ತು ಸಾವಿರ ಪಾಲು ತೆಳು ಮಾಡಿ ಹತ್ತಿಯಲ್ಲಿ ಅದ್ದಿ ಹಲ್ಲು ಕಿತ್ತ ಜಾಗಕ್ಕೆ ಇಟ್ಟರೆ ರಕ್ತ ನಿಲ್ಲುತ್ತಿತ್ತು. ಯಾವ ಗಾಯಕ್ಕೆ ನಮ್ಮ ಸೋದರಮಾವ ಹೋದರೋ ಅದೇ ಗಾಯಕ್ಕೆ! ಎಂಟು, ಒಂಬತ್ತರ ಹಂಗಿಲ್ಲದೆ ಹತ್ತನೇ ಫ್ಯಾಕ್ಟರನ್ನು ನೇರವಾಗಿ ಎಬ್ಬಿಸುವ ಕಿಣ್ವ ಆ ವಿಷದಲ್ಲಿದೆ. ಇದು ಮೇಲೆ ಹಚ್ಚಿದರೆ ಮಾತ್ರ. ಅದೇ ಹಾವು ಕಚ್ಚಿದರೆ ಮೈಯೊಳಗಿನ ಫ್ಯಾಕ್ಟರುಗಳೆಲ್ಲ ಒಮ್ಮೆಗೇ ಖರ್ಚಾಗಿ ರಕ್ತ ಹೆಪ್ಪುಗಟ್ಟುವುದೇ ನಿಂತುಹೋಗುತ್ತದೆ. ಹಾವು ಕಚ್ಚಿದವರ ರಕ್ತವನ್ನು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಹೆಪ್ಪುಗಟ್ಟಿದೆಯೇ ಎಂದು ವಾಲಿಸಿ ನೋಡುವುದು ಅದಕ್ಕೇ.

ಎಂಟನೇ ಫ್ಯಾಕ್ಟರ್ ಮಾಡುವ ಕೆಲಸವನ್ನು ಅಡಿಕೆ ಕೊಯ್ಲು ನೋಡಿದವರಿಗೆ ವಿವರಿಸುವುದು ಸುಲಭ. ಮೇಲೆ ಮರದಲ್ಲಿ ಕೊನೆಗೌಡ, ಕೆಳಗೆ ಗೊನೆ ಬರಮಾಡಿಕೊಳ್ಳುವವನು. ನಡುವೆ ಹಗ್ಗ ಬಿಗಿಯಾಗಿದ್ದರೆ ಗೊನೆ ಸರ್ರನೆ ಜಾರಿ ಬರುತ್ತದೆ. ಒಂಬತ್ತನೇ ಫ್ಯಾಕ್ಟರ್ ಕೊನೆಗೌಡ, ಹತ್ತನೆಯದು ಕೆಳಗಿನವನು, ಎಂಟು ಆ ಹಗ್ಗ. ಹಗ್ಗ ಇಲ್ಲದಿದ್ದರೂ ಒಂದೊಂದು ಗೊನೆ ಇಳಿಸಬಹುದು, ಆದರೆ ಕೆಲಸದ ವೇಗ ಲಕ್ಷ ಪಟ್ಟಿಗೂ ಹೆಚ್ಚು ತಗ್ಗುತ್ತದೆ. ಬಹಳ ಕಾಲದ ಚಿಕಿತ್ಸೆ ಎಂದರೆ ಹಗ್ಗವನ್ನೇ ಹೊರಗಿನಿಂದ ತಂದು ಕಟ್ಟುವುದು: 1960ರ ದಶಕದಲ್ಲಿ ಜೂಡಿತ್ ಪೂಲ್ ಕಂಡುಕೊಂಡ ಕ್ರಯೋಪ್ರೆಸಿಪಿಟೇಟ್ (ಹೆಪ್ಪುಗಟ್ಟಿಸಿದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಕರಗುವಾಗ ತಳದಲ್ಲಿ ಉಳಿಯುವ, ಎಂಟನೇ ಫ್ಯಾಕ್ಟರ್ ತುಂಬಿದ ಗಸಿ), ನಂತರ ಸಾವಿರಾರು ಜನರ ಪ್ಲಾಸ್ಮಾ ಕೂಡಿಸಿ ಮಾಡಿದ ಫ್ಯಾಕ್ಟರ್. ಆ ಕೂಡಿಸುವಿಕೆಯಿಂದಲೇ 1980ರ ದಶಕದಲ್ಲಿ ಎಚ್‌ಐವಿ, ಹೆಪಟೈಟಿಸ್ ಸಿ ಹರಡಿ ಒಂದು ತಲೆಮಾರೇ ಬಲಿಯಾಯಿತು. ಆಮೇಲೆ ಬಂದದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಫ್ಯಾಕ್ಟರ್. ಇದೂ ರಕ್ತನಾಳಕ್ಕೇ ಹೋಗಬೇಕು, 8ರಿಂದ 12 ಗಂಟೆಯಲ್ಲಿ ಅರ್ಧ ಖಾಲಿ. 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಮಿಸಿಜುಮ್ಯಾಬ್ ಎಂಬ ಔಷಧಿ ಬೇರೆಯೇ ದಾರಿ ಹಿಡಿಯಿತು. ಹಗ್ಗದ ಗೊಡವೆಗೇ ಹೋಗದೆ ಒಂದು ಕೈಯಲ್ಲಿ ಒಂಬತ್ತನ್ನೂ ಇನ್ನೊಂದರಲ್ಲಿ ಹತ್ತನ್ನೂ ಹಿಡಿದು ಹತ್ತಿರ ತರುವ ಪ್ರತಿಕಾಯ ಅದು. ಚರ್ಮದಡಿ ಚುಚ್ಚಿದರೆ ಸಾಕು, ವಾರಕ್ಕೋ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ. ಮಳೆಗೆ ರಸ್ತೆ ಮೇಲೆ ಮರ ಬಿದ್ದು ಶಿವಮೊಗ್ಗದ ಬಸ್ಸು ಬಾರದ ಊರುಗಳಲ್ಲಿ ಇದರ ಬೆಲೆ ಏನೆಂದು ಗೊತ್ತಾಗುತ್ತದೆ.

ಬ್ಲೀಡ್ ಆದ ಮೇಲೆ ಓಡುವುದಕ್ಕಿಂತ ಆಗದಂತೆ ಮೊದಲೇ ಔಷಧಿ ಕೊಡುವುದು ಮೇಲು ಎಂದು 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಖಚಿತ ಮಾಡಿತು. 65 ಪುಟ್ಟ ಹುಡುಗರು. ಆರು ವರ್ಷ ತುಂಬುವಾಗ ಎಂಆರ್‌ಐಯಲ್ಲಿ ನೋಡಿದರೆ ನಿಯಮಿತವಾಗಿ ಫ್ಯಾಕ್ಟರ್ ಪಡೆದವರಲ್ಲಿ ಶೇಕಡ 93 ಮಂದಿಯ ಕೀಲುಗಳು ಸರಿಯಿದ್ದವು, ಬ್ಲೀಡ್ ಆದಾಗ ಮಾತ್ರ ಪಡೆದವರಲ್ಲಿ ಶೇಕಡ 55.

ಆದರೆ ಔಷಧಿ ಅರ್ಧ ಕೆಲಸ. ನಮಗೆ ಮೊದಲು ಸಿಕ್ಕ ವೈದ್ಯರೊಬ್ಬರು "ಆಟ ಗೀಟ ಎಲ್ಲ ಬಿಡಿಸಿ, ಸುಮ್ಮನೆ ಕೂರಿಸಿ" ಅಂದಿದ್ದರು. ಎರಡು ವರ್ಷ ಕೂರಿಸಿದೆವು. ಹುಡುಗನ ಎಡತೊಡೆ ಒಣಗಿ ಬಲಕ್ಕಿಂತ ತೆಳ್ಳಗಾಯಿತು, ಮಂಡಿ ಮತ್ತೆ ಮತ್ತೆ ಬ್ಲೀಡ್ ಆಯಿತು. ಆಮೇಲೆ ಸಿಕ್ಕ ಫಿಸಿಯೋಥೆರಪಿಸ್ಟ್ ಮೊದಲು ಮಾಡಿದ್ದೇ ಟೇಪ್ ಹಿಡಿದು ಎರಡೂ ತೊಡೆ ಅಳೆದದ್ದು. ಬಲ 33 ಸೆಂಟಿಮೀಟರ್, ಎಡ 30. ಮಂಡಿಯನ್ನು ನೆಟ್ಟಗೆ ಹಿಡಿದಿಡುವುದು ತೊಡೆಯ ಮುಂಭಾಗದ ಸ್ನಾಯು. ಅದು ಸೋತರೆ ಒಂದೊಂದು ಹೆಜ್ಜೆಗೂ ಕೀಲು ಅಲುಗಿ, ಊದಿದ ಪೊರೆ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. "ಕೂರಿಸಿದ್ದಕ್ಕೇ ಹೀಗಾಗಿದೆ ಅಕ್ಕಾ" ಅಂದರು ಆಕೆ, ಮೆತ್ತಗೆ. ನನ್ನ ಅಕ್ಕ ಆವತ್ತು ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ವ್ಯಾಯಾಮ ಎಂದರೆ ಜಿಮ್ ಅಲ್ಲ. ಟವೆಲ್ ಸುರುಳಿ ಸುತ್ತಿ ಮಂಡಿಯಡಿ ಇಟ್ಟು ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವುದು. ಮಲಗಿ ಕಾಲನ್ನು ನೆಟ್ಟಗೆ ಎತ್ತುವುದು. ಒಂಟಿ ಕಾಲಲ್ಲಿ ನಿಲ್ಲುವುದು. ಇದು ಕೀಲಿಗೆ ತಾನು ಎಲ್ಲಿದ್ದೇನೆ ಎಂಬ ಅರಿವು ಮರಳಿಸುತ್ತದೆ. ನಮ್ಮವನು ಬಚ್ಚಲ ಹತ್ತಿರ ಹಲ್ಲುಜ್ಜುವಾಗ ಕೊಕ್ಕರೆಯ ಹಾಗೆ ನಿಲ್ಲುತ್ತಿದ್ದ. ಆಮೇಲೆ ಈಜು, ಸೈಕಲ್. ಕಬಡ್ಡಿ, ಕುಸ್ತಿ ಬೇಡ. ಬ್ಲೀಡ್ ಆಗುತ್ತಿರುವಾಗ ಏನೂ ಬೇಡ, ಊತ ನೋವು ಇಳಿದ ಮೇಲೆ ಮೊದಲಿಂದ ಶುರು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ತಗೊಂಡರೆ ಸರಿಯಿರುವ ಪ್ಲೇಟ್‌ಲೆಟ್‌ಗಳನ್ನೂ ಮಲಗಿಸಿದ ಹಾಗೆ. ಸೈಕಲ್ ಎಂದೆನಲ್ಲ, ತೀವ್ರ ಹಿಮೋಫಿಲಿಯಾ ಎ ಇರುವ ಬ್ರಿಟನ್ನಿನ ಅಲೆಕ್ಸ್ ಡೌಸೆಟ್ 2015ರ ಮೇ ತಿಂಗಳಲ್ಲಿ ಒಂದು ಗಂಟೆಯಲ್ಲಿ 52.937 ಕಿಲೋಮೀಟರ್ ತುಳಿದು ವಿಶ್ವದಾಖಲೆ ಬರೆದರು. ಹುಡುಗನ ಮೇಜಿನ ಮೇಲೆ ಈ ಅಂಕಿ ಕಾಂಪಾಸ್ ಮೊನೆಯಲ್ಲಿ ಕೊರೆದದ್ದಿದೆ.

ಹೊನ್ನಾಳಿ ದಾರಿ ಹಿಡಿದು ದಾವಣಗೆರೆಗೆ ಹೋದರೆ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾ ಇರುವ ವೈದ್ಯರು. ಇದು ಸಣ್ಣ ಸಂಗತಿಯಲ್ಲ. ಹಿಮೋಫಿಲಿಯಾ ಸಂಘಗಳ ಜಾಗತಿಕ ಒಕ್ಕೂಟವನ್ನು 1963ರಲ್ಲಿ ಶುರು ಮಾಡಿದ ಫ್ರಾಂಕ್ ಶ್ನಾಬೆಲ್ ಕೂಡ ಹಿಮೋಫಿಲಿಯಾ ಇದ್ದವರೇ. ಅವರ ಹುಟ್ಟಿದ ದಿನ ಏಪ್ರಿಲ್ 17 ಈಗ ವಿಶ್ವ ಹಿಮೋಫಿಲಿಯಾ ದಿನ. ಇಂಥ ಕೂಟಗಳಲ್ಲಿ ಭಾಷಣಕ್ಕಿಂತ ಊಟದ ಸಾಲಿನಲ್ಲೇ ಹೆಚ್ಚು ಕಲಿಯಲು ಸಿಗುತ್ತದೆ. ಒಮ್ಮೆ ಇಪ್ಪತ್ತೆರಡರ ಹುಡುಗನೊಬ್ಬ ನಮ್ಮವನನ್ನು ಪಕ್ಕ ಕೂರಿಸಿಕೊಂಡು, ತೋಳಿಗೆ ರಬ್ಬರ್ ಪಟ್ಟಿ ಹಲ್ಲಿನಲ್ಲೇ ಎಳೆದು ಬಿಗಿದು, "ಕಣ್ಣಲ್ಲಿ ಹುಡುಕಬೇಡ ಪುಟ್ಟಾ, ಬೆರಳಲ್ಲಿ ಹುಡುಕು" ಎಂದು ರಕ್ತನಾಳ ತೋರಿಸಿದ. ಎರಡು ವರ್ಷ ನಾವೆಲ್ಲ ಹೇಳಿ ಆಗದ್ದು ಹತ್ತು ನಿಮಿಷದಲ್ಲಿ ಆಯಿತು. ಕರೆಂಟು ಮೂರು ದಿನ ಹೋದರೆ ಫ್ರಿಜ್ಜಿನಲ್ಲಿಟ್ಟ ಫ್ಯಾಕ್ಟರ್ ಏನು ಮಾಡಬೇಕು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ, ಕಾರ್ಡ್ ಮಾಡಿಸಿ, ಆದರೆ ಸರ್ಕಾರಿ ಕೆಲಸದ ಮೀಸಲಾತಿಯಲ್ಲಿ ಅದು ಇಲ್ಲ ಎಂಬುದೆಲ್ಲ ತಿಳಿದದ್ದು ಬೇರೆ ತಾಯಂದಿರಿಂದ.

ಮುಂದೆ ಜೀನ್ ಚಿಕಿತ್ಸೆ ಇದೆ. ಹಿಮೋಫಿಲಿಯಾ ಬಿಗೆ 2022ರಲ್ಲಿ ಅಮೆರಿಕದಲ್ಲಿ ಬಂದದ್ದರ ಬೆಲೆ 35 ಲಕ್ಷ ಡಾಲರ್, ಕೇಳಿ ಅಕ್ಕ ನಕ್ಕಳು. ಆದರೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ತೀವ್ರ ಹಿಮೋಫಿಲಿಯಾ ಎ ಇದ್ದ ಐವರಿಗೆ ಅವರದೇ ರಕ್ತದ ಆಕರಕೋಶ (ಸ್ಟೆಮ್ ಸೆಲ್) ತೆಗೆದು, ಎಂಟನೇ ಫ್ಯಾಕ್ಟರಿನ ಜೀನ್ ಸೇರಿಸಿ ಹಿಂದಕ್ಕೆ ಕೊಟ್ಟಿದ್ದಾರೆ. ಗಮನಿಸಿದ ಅವಧಿಯಲ್ಲಿ ಐವರಲ್ಲೂ ಬ್ಲೀಡ್ ನಿಂತಿದೆ ಎಂಬ ವರದಿ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಐವರು ಎಂದರೆ ಬಹಳ ಕಡಿಮೆ, ಮೊದಲು ಕೀಮೋ ಬೇರೆ ತಡೆದುಕೊಳ್ಳಬೇಕು. ಆದರೂ ವೆಲ್ಲೂರು ಎಂದರೆ ರೈಲಿನಲ್ಲಿ ಹೋಗಿಬರುವ ಊರು.

ಹುಡುಗ ಈಗ ಒಂಬತ್ತನೇ ಕ್ಲಾಸು. ಅಕ್ಕ ಈಗಲೂ ತಿಂಗಳ ಮೊದಲನೇ ಭಾನುವಾರ ಟೈಲರಿಂಗ್ ಟೇಪ್ ತಂದು ಎರಡೂ ತೊಡೆ ಅಳೆದು ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಬರೆಯುತ್ತಾಳೆ. ಹೋದ ಸಲ ನಾನು ಹೋದಾಗ ಬಲ 41, ಎಡ 40 ಎಂದಿತ್ತು. ಅವನು ಒಳಗಿನಿಂದಲೇ ಕೂಗಿದ: "ಮಾವಾ, ಇನ್ನು ಒಂದೇ ಸೆಂಟಿಮೀಟರ್ ಬಾಕಿ."