ಪದ ಪರಿಚಯ: ಕಳ್ಳಕ್ಕಡಲ್

ಏಪ್ರಿಲ್ ಬಂತೆಂದರೆ ಕಾಸರಗೋಡಿನ ಕರಾವಳಿಯಲ್ಲಿ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಫೋನಿನಿಂದ ಫೋನಿಗೆ ಒಂದು ಸಂದೇಶ ಹಾರುತ್ತದೆ: ‘ಸುನಾಮಿ ಮಾದರಿಯ ಕಳ್ಳ ಸಮುದ್ರ, ಭಾರೀ ಉಬ್ಬರ, ಎಚ್ಚರಿಕೆ!’ ಇಷ್ಟು ಚಿಕ್ಕ ಸಾಲಿನಲ್ಲಿ ಎರಡು ದೊಡ್ಡ ತಪ್ಪುಗಳಿವೆ. ಓದಿದವರು ಸುನಾಮಿಯೆಂದು ಗುಡ್ಡಕ್ಕೆ ಓಡಬೇಕೋ, ಉಬ್ಬರವೆಂದು ಸುಮ್ಮನೆ ಮಲಗಬೇಕೋ? ಎರಡೂ ಈ ಎಚ್ಚರಿಕೆಗೆ ಸರಿಯಾದ ಉತ್ತರವಲ್ಲ.

ಸಂದೇಶದ ‘ಕಳ್ಳ ಸಮುದ್ರ’ ಮಲಯಾಳದ ಕಳ್ಳಕ್ಕಡಲ್‌ನ ಅನುವಾದ: ದೂರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ನಮ್ಮ ದಂಡೆಗೆ ನುಗ್ಗುವುದು. ಮೊದಲು ಪದ. ಮಲಯಾಳದ ಕಳ್ಳನ್ ನಮ್ಮ ಕಳ್ಳನೇ, ಕಡಲ್ ನಮ್ಮ ಕಡಲೇ. ಹಳಗನ್ನಡದಲ್ಲಿ ‘ಕಳ್’ ಎಂದರೆ ಕದಿ; ಕಳವು ಬಂದದ್ದು ಅಲ್ಲಿಂದ, ತುಳುವಿನ ಕಳುವೆಯೂ ಅದರ ನಂಟನೇ. ಆದರೆ ಸಮಾಸದಲ್ಲಿ ಮುಂದೆ ಕೂತ ‘ಕಳ್ಳ’ನಿಗೆ ಎರಡು ಅರ್ಥಗಳುಂಟು. ಕಳ್ಳನೋಟು ಎಂದಾಗ ಅದು ಖೋಟಾ. ಕಳ್ಳಹೆಜ್ಜೆ ಎಂದಾಗ ಅದು ಸದ್ದಿಲ್ಲದ್ದು. ಕಳ್ಳಕ್ಕಡಲ್ ಎರಡನೆಯ ಗುಂಪಿನದು: ಕಳ್ಳಹೆಜ್ಜೆಯಿಟ್ಟು ಬರುವ ಕಡಲು. ಗಾಳಿಯಿಲ್ಲ, ಮೋಡವಿಲ್ಲ, ಆಕಾಶ ತಿಳಿ, ಆದರೂ ನೀರು ಅಂಗಳಕ್ಕೆ ಬರುತ್ತದೆ. ಕೇರಳದ ಮೀನುಗಾರರು ಹೆಸರಿಟ್ಟದ್ದು ಈ ಲಕ್ಷಣವನ್ನು ನೋಡಿಯೇ. 2012ರಲ್ಲಿ ಯುನೆಸ್ಕೋ ಈ ಪದವನ್ನು ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು.

ಇದನ್ನು ‘ಕಡಲ್ಗಳ್ಳ’ನೊಂದಿಗೆ ಬೆರೆಸುವವರೂ ಇದ್ದಾರೆ. ಪದಗಳು ಹಿಂದುಮುಂದಾದರೆ ಅರ್ಥವೇ ಬೇರೆ. ಕಡಲ್ಗಳ್ಳ ಹಡಗು ದೋಚುವ ಮನುಷ್ಯ. ಇಲ್ಲಿ ಕಡಲೇ ಕಳ್ಳ. ಇನ್ನು ಕಳ್ಳಕ್ಕಡಲಿನ ‘ಕ್ಕ’ ಎಂಬ ಒತ್ತಕ್ಷರ. ಮಲಯಾಳ ಸಂಧಿಯಲ್ಲಿ ಕಕಾರ ಇಮ್ಮಡಿಸುತ್ತದೆ, ಕನ್ನಡದಲ್ಲಿ ಗಕಾರವಾಗುತ್ತದೆ. ಅವರಿಗೆ ಮಳಕ್ಕಾಲಂ, ನಮಗೆ ಮಳೆಗಾಲ. ಪಡುಗಡಲು, ಹಾಲ್ಗಡಲು ಎನ್ನುವ ನಾವು ನ್ಯಾಯವಾಗಿ ‘ಕಳ್ಳಗಡಲು’ ಎನ್ನಬೇಕು. ಸೊಗಸಾದ ಪದ, ಬಳಸುವವರು ಬಳಸಲಿ. ಆದರೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಹೊರಡಿಸುವ ಎಚ್ಚರಿಕೆಯಲ್ಲಿ ಇರುವುದು ಮಲಯಾಳದ ರೂಪ. ಕಾಸರಗೋಡಿನಲ್ಲಿ ಆ ಎಚ್ಚರಿಕೆಯನ್ನು ಕನ್ನಡಿಗರೂ ತುಳುವರೂ ಬ್ಯಾರಿಗಳೂ ಒಟ್ಟಿಗೇ ಕೇಳಿಸಿಕೊಳ್ಳುವುದರಿಂದ ಕಳ್ಳಕ್ಕಡಲ್ ಎಂದೇ ಉಳಿಸಿಕೊಳ್ಳುವುದು ಒಳ್ಳೆಯದು. ‘ಕಳ್ಳ ಸಮುದ್ರ’ ಎಂಬ ಅನುವಾದ ಮಾತ್ರ ಬೇಡ. ಅದರಲ್ಲಿ ಸಂಧಿಯೂ ಇಲ್ಲ, ಆಡುಮಾತೂ ಇಲ್ಲ.

ಈಗ ಸುನಾಮಿ. 2004ರ ಡಿಸೆಂಬರ್ 26ರದ್ದು ಸುಮಾತ್ರಾದ ಬಳಿ ಕಡಲತಳ ಬಿರಿದು ಎದ್ದದ್ದು. ಸುನಾಮಿಯಲ್ಲಿ ತಳದಿಂದ ಮೇಲಿನವರೆಗಿನ ನೀರೆಲ್ಲ ಚಲಿಸುತ್ತದೆ. ಒಂದು ಅಲೆಗೂ ಮುಂದಿನದಕ್ಕೂ ಹತ್ತಾರು ನಿಮಿಷಗಳ ಅಂತರ. ನಾಲ್ಕು ಕಿಲೋಮೀಟರ್ ಆಳದ ಕಡಲಿನಲ್ಲಿ ಅದರ ವೇಗ ಗಂಟೆಗೆ ಸುಮಾರು 700 ಕಿಲೋಮೀಟರ್. ಕಳ್ಳಕ್ಕಡಲ್ ಗಾಳಿಯ ಮಗು. ಭೂಕಂಪಕ್ಕೂ ಅದಕ್ಕೂ ಸಂಬಂಧವಿಲ್ಲ. ಉಬ್ಬರವಂತೂ ಚಂದ್ರ ಸೂರ್ಯರ ಸೆಳೆತದ ಕೆಲಸ: ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಏರುತ್ತದೆ, ಪಂಚಾಂಗ ನೋಡಿ ಹೇಳಬಹುದು. ಕಡಲ್ಕೊರೆತ ಇವೆಲ್ಲದರ ಪರಿಣಾಮದ ಹೆಸರು, ಕಾರಣದ್ದಲ್ಲ. ಮೂಸೋಡಿಯಲ್ಲಿ ದಂಡೆ ಕುಸಿದ ಸುದ್ದಿಗೆಲ್ಲ ‘ಕಳ್ಳಕ್ಕಡಲ್’ ಎಂಬ ತಲೆಬರಹ ಕೊಡುವುದೂ ತಪ್ಪು. ಜೂನ್-ಜುಲೈಯಲ್ಲಿ ಅಲ್ಲಿ ದಂಡೆ ಕೊರೆಯುವುದು ಬಹುಮಟ್ಟಿಗೆ ಮುಂಗಾರಿನದೇ ಅಲೆ.

ಹಾಗಾದರೆ ಇದು ಹುಟ್ಟುವುದೆಲ್ಲಿ? ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ, ದಕ್ಷಿಣ ಅಕ್ಷಾಂಶ 30 ಡಿಗ್ರಿಗಿಂತ ಕೆಳಗೆ. ಅಲ್ಲಿ ಗಾಳಿಗೆ ಅಡ್ಡ ಬರುವ ನೆಲ ಬಹಳ ಕಡಿಮೆ. ಬಿರುಗಾಳಿ ದಿನಗಟ್ಟಲೆ ಒಂದೇ ದಿಕ್ಕಿಗೆ ನೀರನ್ನು ಉಜ್ಜಿದಾಗ ಏಳುವ ಅಲೆಗಳಲ್ಲಿ ಗಿಡ್ಡವು ದಾರಿಯಲ್ಲೇ ಸಾಯುತ್ತವೆ, ಉದ್ದನೆಯವು ಉಳಿದು ಉತ್ತರಕ್ಕೆ ಹೊರಡುತ್ತವೆ. ಹದಿನೆಂಟು ಸೆಕೆಂಡಿಗೊಂದರಂತೆ ಬರುವ ಅಲೆಯ ಗುಂಪು ಆಳಕಡಲಿನಲ್ಲಿ ಗಂಟೆಗೆ ಸುಮಾರು 50 ಕಿಲೋಮೀಟರ್ ಸಾಗುತ್ತದೆ. 40 ಡಿಗ್ರಿ ದಕ್ಷಿಣದಿಂದ ನಮ್ಮ ಹನ್ನೆರಡೂವರೆ ಡಿಗ್ರಿ ಉತ್ತರಕ್ಕೆ ಹತ್ತಿರ ಹತ್ತಿರ 5,800 ಕಿಲೋಮೀಟರ್, ಅಂದರೆ ಐದು ದಿನದ ಹಾದಿ. ಅಲೆ ಕುಂಬಳೆಯ ದಂಡೆ ಮುಟ್ಟುವಾಗ ಅದನ್ನು ಎಬ್ಬಿಸಿದ ಗಾಳಿ ಸತ್ತೇ ಹೋಗಿರಬಹುದು. ಮೊದಲೇ ಎಚ್ಚರಿಸಲು ಸಾಧ್ಯವಾಗುವುದೂ ಈ ಐದು ದಿನದಿಂದಲೇ.

ಎಚ್ಚರಿಕೆ ಓದುವವರು ತಪ್ಪುವುದು ಇಲ್ಲಿ. ಎಲ್ಲರೂ ನೋಡುವುದು ಎತ್ತರವನ್ನು: ‘ಒಂದು ಮೀಟರ್ ತಾನೆ, ಮಳೆಗಾಲದಲ್ಲಿ ಮೂರು ಮೀಟರ್ ನೋಡಿಲ್ಲವೇ?’ ನೋಡಬೇಕಾದದ್ದು ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಸೆಕೆಂಡುಗಳನ್ನು. ಏಳು ಸೆಕೆಂಡಿನ ಅಲೆಗೆ ಆಳಕಡಲಿನಲ್ಲಿ ನೆತ್ತಿಯಿಂದ ನೆತ್ತಿಗೆ 76 ಮೀಟರ್ ಉದ್ದ, ಹದಿನೆಂಟು ಸೆಕೆಂಡಿನದು 500 ಮೀಟರ್ ದಾಟುತ್ತದೆ. ದಂಡೆಯ ಇಳಿಜಾರನ್ನು ನೀರು ಎಷ್ಟು ಹತ್ತುತ್ತದೆ ಎಂಬುದು ಎತ್ತರದ ಜೊತೆಗೆ ಈ ಉದ್ದವನ್ನೂ ಅವಲಂಬಿಸಿದೆ. ಎತ್ತರ ಒಂದೇ ಆದರೂ ಹದಿನೆಂಟು ಸೆಕೆಂಡಿನ ಅಲೆ ಏಳು ಸೆಕೆಂಡಿನದಕ್ಕಿಂತ ಸುಮಾರು ಎರಡೂವರೆ ಪಟ್ಟು ಮೇಲೆ ಹತ್ತಬಲ್ಲದು. ಆಳವಿಲ್ಲದ ನೀರಿಗೆ ಬಂದಾಗ ಅದರ ವೇಗ ತಗ್ಗಿ ಎತ್ತರವೂ ಏರುತ್ತದೆ. ಅದೇ ಹೊತ್ತಿಗೆ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಉಬ್ಬರ ಸಿಕ್ಕಿತೋ, ನೀರು ಕಲ್ಲಿನ ತಡೆಗೋಡೆ ದಾಟಿ ಬಾವಿಗೂ ಇಳಿಯುತ್ತದೆ. ಉಬ್ಬರ ಇಲ್ಲಿ ಜೊತೆಗಾರ, ಅಪರಾಧಿಯಲ್ಲ. ಕಡಲಮಟ್ಟ ಏರಿದಷ್ಟೂ ಅದೇ ಅಲೆ ಇನ್ನಷ್ಟು ಒಳಗೆ ಬರುತ್ತದೆ. 2005ರ ಮೇ ತಿಂಗಳಲ್ಲೂ 2024ರ ಮಾರ್ಚ್ 31ರಂದೂ ಕೇರಳದ ದಂಡೆಗೆ ನುಗ್ಗಿದ್ದು ಇಂಥ ನೀರೇ.

ಆಳಕಡಲಿನಲ್ಲಿರುವ ದೋಣಿಗೆ ಇದು ತಿಳಿಯುವುದೂ ಇಲ್ಲ. ಅಪಾಯ ಇರುವುದು ದಂಡೆಯಲ್ಲಿ, ಅಳಿವೆಯ ಬಾಯಲ್ಲಿ, ಬಂದರಿನೊಳಗೆ. ಒತ್ತೊತ್ತಾಗಿ ಕಟ್ಟಿದ ಬೋಟುಗಳು ಒಂದಕ್ಕೊಂದು ಬಡಿದು ಒಡೆಯುತ್ತವೆ, ಆದ್ದರಿಂದ ನಡುವೆ ಜಾಗ ಬಿಟ್ಟು ಕಟ್ಟಬೇಕು. ನಾಡದೋಣಿ, ಬಲೆ, ಇಂಜಿನುಗಳನ್ನು ಮರಳ ದಿಬ್ಬದ ಆಚೆಗೆ ಎಳೆದಿಡಬೇಕು. ದೊಡ್ಡ ಅಲೆಗಳು ಐದಾರು ಒಟ್ಟಿಗೆ ಬಂದು ಆಮೇಲೆ ಕೆಲವು ನಿಮಿಷ ಕಡಲು ಸುಮ್ಮನಾಗುತ್ತದೆ. ಮುಗಿಯಿತೆಂದು ಚಪ್ಪಲಿ ಹೆಕ್ಕಲು ಇಳಿಯುವವರೇ ಸಿಕ್ಕಿಬೀಳುವುದು. ಇದು ಒಂದೆರಡು ದಿನ ಮುಂದುವರಿಯಬಹುದು.

ಬಂದದ್ದು ಕಳ್ಳಕ್ಕಡಲೋ ಅಲ್ಲವೋ ಎಂದು ದೂರದ ಎತ್ತರದಲ್ಲಿ ನಿಂತೇ ಅಂದಾಜಿಸಬಹುದು. ಅಲೆ ಒಡೆಯುವ ಒಂದು ಜಾಗ ಗುರುತಿಟ್ಟು, ಮೊದಲನೆಯ ಅಲೆಯಿಂದ ಹನ್ನೊಂದನೆಯದರವರೆಗಿನ ಸಮಯ ಅಳೆದು ಹತ್ತರಿಂದ ಭಾಗಿಸಿ. ಏಳೆಂಟು ಸೆಕೆಂಡು ಬಂದರೆ ಹತ್ತಿರದ ಗಾಳಿಯ ಅಲೆ. ಗಾಳಿಯೇ ಇಲ್ಲದ ದಿನ ಹದಿನಾರು, ಹದಿನೆಂಟು ಬಂತೆಂದರೆ ಅದು ದಕ್ಷಿಣದಿಂದ ಬಂದದ್ದು. ಅಂದಿನ ಉಬ್ಬರ ಎಷ್ಟು ಹೊತ್ತಿಗೆ ಎಂದು ಕೂಡಲೇ ನೋಡಿ, ಅದಕ್ಕೆ ಮೊದಲೇ ದೋಣಿ ಎಳೆಯಿರಿ.