‘ಸಿಂಪ್ಸನ್ಸ್’ನ ಅಪು: ತಪ್ಪಿದ್ದು ಕಥೆಯೋ, ದನಿಯೋ?

ಪ್ರಶ್ನೆ: ಅಮೆರಿಕದಲ್ಲಿ ಓದುತ್ತಿರುವ ಮಗಳು ಅಲ್ಲಿನ ಕಾರ್ಟೂನ್ ಧಾರಾವಾಹಿ ‘ದಿ ಸಿಂಪ್ಸನ್ಸ್’ನ ಹಳೆಯ ಸಂಚಿಕೆಗಳನ್ನು ನೋಡಲು ಶುರುಮಾಡಿದ್ದಾಳೆ. ಅದರಲ್ಲಿ ಅಂಗಡಿ ನಡೆಸುವ ಭಾರತೀಯ ಪಾತ್ರ ಅಪು ನಮಗೆಲ್ಲ ಅವಮಾನ ಅಂತಾರೆ. ಅವನಿರುವ ಸಂಚಿಕೆಗಳನ್ನು ಬಿಟ್ಟುಬಿಡಬೇಕೇ?

ಎಲ್ಲವನ್ನೂ ಬಿಡಬೇಕಿಲ್ಲ, ಆದರೆ ಯಾವುದರಿಂದ ಶುರುಮಾಡುತ್ತೀರಿ ಎನ್ನುವುದು ಮುಖ್ಯ. ಅಪುವಿಗಾಗಿ ಬರೆದ ಕಥೆ ಬೇರೆ, ಅವನಿಗೆ ಕೊಟ್ಟ ದನಿ ಬೇರೆ.

ಮೊದಲು ದನಿ. ಅಪು 1990ರ ಫೆಬ್ರುವರಿಯಲ್ಲಿ ತೆರೆಗೆ ಬಂದ. ಸುಮಾರು ಮೂವತ್ತು ವರ್ಷ ಅವನಿಗೆ ದನಿ ಕೊಟ್ಟ ಹ್ಯಾಂಕ್ ಅಜಾರಿಯಾ ಭಾರತೀಯರಲ್ಲ. 1968ರ ‘ದಿ ಪಾರ್ಟಿ’ ಸಿನಿಮಾದಲ್ಲಿ ಬ್ರಿಟಿಷ್ ನಟ ಪೀಟರ್ ಸೆಲ್ಲರ್ಸ್ ಮುಖಕ್ಕೆ ಕಂದುಬಣ್ಣ ಬಳಿದುಕೊಂಡು ಮಾಡಿದ ಭಾರತೀಯನ ಪಾತ್ರವೂ ತಮಗೆ ಪ್ರೇರಣೆ ಎಂದು ಅಜಾರಿಯಾ ಅವರೇ ಹೇಳಿದ್ದಾರೆ. ಹೀಗಾಗಿ ಅದು ನಕಲಿನ ನಕಲು. ಅಪು ಓದಿದ್ದು ‘ಕಲ್ಕತ್ತಾ ಟೆಕ್’ನಲ್ಲಂತೆ. ಬಂಗಾಳಿಗಳ ಬಾಯಲ್ಲಿ ‘ವೆರಿ’ ಅನ್ನುವುದು ‘ಭೆರಿ’ ಕಡೆಗೆ ವಾಲುತ್ತದೆ. ನಮ್ಮಲ್ಲಿ ಎಷ್ಟೋ ಜನ ‘ಎವ್ರಿ’ಯನ್ನು ‘ಯೆವ್ರಿ’ ಅನ್ನುತ್ತೇವೆ. ಪ್ರತಿ ಸೀಮೆಯ ಇಂಗ್ಲಿಷಿಗೂ ಹೀಗೊಂದು ಗುರುತಿದೆ. ಅಪುವಿನದು ಯಾವ ಊರಿನದೂ ಅಲ್ಲ. ಅವನ ಹೆಸರು ಸತ್ಯಜಿತ್ ರಾಯ್ ಅವರ ಸಿನಿಮಾಗಳ ಅಪುವಿನಿಂದ ಬಂದದ್ದು, ನಹಸಪೀಮಪೆಟಿಲಾನ್ ಎಂಬ ಅಡ್ಡಹೆಸರು ಬರಹಗಾರ ಜೆಫ್ ಮಾರ್ಟಿನ್ ಅವರ ಸಹಪಾಠಿಯೊಬ್ಬರ ಹೆಸರನ್ನು ತಿರುಚಿ ಕಟ್ಟಿದ್ದು.

ಕಥೆ ಹಾಗಲ್ಲ. 1996ರ ‘ಮಚ್ ಅಪು ಅಬೌಟ್ ನಥಿಂಗ್’ ಸಂಚಿಕೆಯಲ್ಲಿ ಊರಿನವರು ದಾಖಲೆಯಿಲ್ಲದ ವಲಸಿಗರನ್ನು ಹೊರಹಾಕಲು ಮತ ಹಾಕುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ನಿಜವಾಗಿಯೂ ಮತಕ್ಕೆ ಬಂದ, ಅಂಥವರಿಗೆ ಸರ್ಕಾರಿ ಸೌಲಭ್ಯ ನಿಲ್ಲಿಸುವ 187ನೇ ಪ್ರಸ್ತಾವದ ನೆರಳು ಅದರಲ್ಲಿದೆ. ಅಪು ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದವನು, ಓದಿನ ಸಾಲ ತೀರಿಸಲು ಅಂಗಡಿ ಸೇರಿದವನು ಎಂದು ಗೊತ್ತಾಗುವುದು ಇಲ್ಲೇ. ಪೌರತ್ವದ ಪರೀಕ್ಷೆಯಲ್ಲಿ ಅಂತರ್ಯುದ್ಧಕ್ಕೆ ಕಾರಣ ಕೇಳಿದಾಗ ಅವನು ಒಂದೊಂದೇ ಎಳೆ ಬಿಡಿಸತೊಡಗುತ್ತಾನೆ, ಪರೀಕ್ಷಕ ತಡೆದು ‘ಗುಲಾಮಗಿರಿ ಅಂದುಬಿಡಿ ಸಾಕು’ ಅನ್ನುತ್ತಾನೆ. ನಗು ಅಪುವಿನ ಮೇಲಲ್ಲ, ವ್ಯವಸ್ಥೆಯ ಮೇಲೆ. ಮಗಳಿಗೆ ಮೊದಲು ಇದನ್ನೇ ತೋರಿಸಿ.

ಬಿಡಿ ತುಣುಕುಗಳನ್ನು ಜೋಡಿಸಿದ ವಿಡಿಯೊಗಳಿಂದ ಮಾತ್ರ ಶುರುಮಾಡಬೇಡಿ. ಅಲ್ಲಿ ಕಥೆ ಉದುರಿಹೋಗಿ ‘ಥ್ಯಾಂಕ್ ಯೂ, ಕಮ್ ಅಗೇನ್’ ಮಾತ್ರ ಉಳಿಯುತ್ತದೆ. ಶಾಲೆಯಲ್ಲಿ ನಮ್ಮ ಮಕ್ಕಳನ್ನು ಚುಚ್ಚಲು ಬಳಕೆಯಾದದ್ದೂ ಇದೇ ಮಾತು. ಹಾಸ್ಯನಟ ಹರಿ ಕೊಂಡಬೋಲು 2017ರ ಸಾಕ್ಷ್ಯಚಿತ್ರದಲ್ಲಿ ಎತ್ತಿದ ದೂರಿನ ತಿರುಳೂ ಅದೇ: ಅಮೆರಿಕದ ಟಿವಿಯಲ್ಲಿ ಬೇರೆ ಭಾರತೀಯ ಮುಖಗಳೇ ವಿರಳವಾಗಿದ್ದಾಗ ಅಪುವೇ ಎಲ್ಲರ ಮುಖವಾಗಿಬಿಟ್ಟ. ಎಂಟು ಮಕ್ಕಳು ಒಟ್ಟಿಗೆ ಹುಟ್ಟಿ ಮೃಗಾಲಯದಲ್ಲಿ ಪ್ರದರ್ಶನಕ್ಕೆ ನಿಲ್ಲುವ 1999ರ ಸಂಚಿಕೆಯನ್ನು ಆಮೇಲೆ ನೋಡಲಿ.

ನೋಡುವಾಗ ಒಂದು ಪರೀಕ್ಷೆ ಮಾಡಬಹುದು. ನಗು ಬಂದ ಕಡೆ ನಿಲ್ಲಿಸಿ, ಅದೇ ಮಾತನ್ನು ಮಗಳು ತನ್ನ ಮಾಮೂಲು ದನಿಯಲ್ಲಿ ಹೇಳಲಿ. ಆಗಲೂ ನಗು ಬಂದರೆ ಹಾಸ್ಯ ಬರವಣಿಗೆಯಲ್ಲಿದೆ. ಬರದಿದ್ದರೆ ಅಷ್ಟು ಹೊತ್ತು ನಕ್ಕದ್ದು ಉಚ್ಚಾರಣೆಗೆ.

ಹೊಸ ಸಂಚಿಕೆಗಳಿಗೆ ಬಂದಾಗ ಅವಳು ಇನ್ನೊಂದು ಪ್ರಶ್ನೆ ಕೇಳುತ್ತಾಳೆ, ಸಿದ್ಧರಾಗಿರಿ: ಅಪು ಯಾಕೆ ಮಾತೇ ಆಡುವುದಿಲ್ಲ? ಬಿಳಿಯರಲ್ಲದ ಪಾತ್ರಗಳಿಗೆ ಬಿಳಿಯ ನಟರು ದನಿ ಕೊಡುವುದಿಲ್ಲ ಎಂದು 2020ರ ಜೂನ್‌ನಲ್ಲಿ ಧಾರಾವಾಹಿ ಘೋಷಿಸಿತು. ಕಪ್ಪುವರ್ಣೀಯ ಕಾರ್ಲ್‌ಗೆ ಅಲೆಕ್ಸ್ ಡೆಸರ್ಟ್ ಅವರ ದನಿ ಬಂತು. ಅಪುವಿಗೂ ಒಬ್ಬ ಭಾರತೀಯ ಮೂಲದ ನಟನನ್ನು ಹುಡುಕಬೇಕಿತ್ತು. ಅದರ ಬದಲು ಅವನನ್ನು ಹಿನ್ನೆಲೆಯಲ್ಲಿ ಮಾತಿಲ್ಲದೆ ನಿಲ್ಲಿಸಿದ್ದಾರೆ.