ಲಿನಕ್ಸ್‌ನಲ್ಲಿ ಕನ್ನಡ ಬರೆಯಲು ಯಾವ ಫಾಂಟ್ ಹಾಕಬೇಕು?

ಪ್ರಶ್ನೆ: ಹೊಸದಾಗಿ ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡಿದ್ದೇನೆ. ವಿಂಡೋಸ್‌ನಲ್ಲಿದ್ದ ‘ನುಡಿ’ ತಂತ್ರಾಂಶದ ಫಾಂಟುಗಳನ್ನೆಲ್ಲ ತಂದು ಹಾಕಿದರೂ ಕನ್ನಡ ಟೈಪ್ ಮಾಡಲು ಆಗುತ್ತಿಲ್ಲ. ಬೇರೆ ಯಾವ ಫಾಂಟ್ ಬೇಕು?

ಉತ್ತರ: ಟೈಪ್ ಮಾಡುವುದಕ್ಕೆ ಯಾವ ಫಾಂಟೂ ಬೇಕಾಗಿಲ್ಲ; ಬೇಕಾದದ್ದು ಕೀಲಿಮಣೆಯ ವಿನ್ಯಾಸ. ಹಲವು ಭಾಷೆಗಳ ಕೀಲಿಮಣೆ ವಿನ್ಯಾಸಗಳನ್ನು ಕೊಡುವ ಐಬಸ್-ಎಂ17ಎನ್ (ibus-m17n) ಎಂಬ ಪ್ಯಾಕೇಜನ್ನು ಅನುಸ್ಥಾಪಿಸಿ, ಒಮ್ಮೆ ಲಾಗ್ ಔಟ್ ಆಗಿ ಮರಳಿ ಬಂದು, ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡದ ಕೆಜಿಪಿ (kgp; ಕಗಪ, ಅಂದರೆ ಕನ್ನಡ ಗಣಕ ಪರಿಷತ್ತು) ವಿನ್ಯಾಸವನ್ನು ಸೇರಿಸಿಕೊಳ್ಳಿ. ಸೂಪರ್ (ವಿಂಡೋಸ್ ಚಿಹ್ನೆಯ) ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ.

ಇಷ್ಟು ಹೇಳಿದ ಮೇಲೂ 'ಸರಿ, ಆದರೆ ಫಾಂಟ್?' ಎಂಬ ಮರುಪ್ರಶ್ನೆ ತಪ್ಪದೇ ಬರುವುದರಿಂದ ಆ ನಂಬಿಕೆಯ ಬೇರನ್ನೇ ನೋಡೋಣ. ಹಳೆಯ ನುಡಿ ಫಾಂಟುಗಳು ಲ್ಯಾಟಿನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿದ್ದವು. ಕಡತದೊಳಗೆ ಉಳಿಯುತ್ತಿದ್ದದ್ದು ಲ್ಯಾಟಿನ್ ಸಂಕೇತಗಳೇ. ಕನ್ನಡ ಬರಿಯ ವೇಷ. ಫಾಂಟ್ ತೆಗೆದೊಡನೆ ವೇಷ ಕಳಚಿ, ತಲೆಯ ಮೇಲೆ ಗೀರು ಹೊತ್ತ ಅರ್ಥವಿಲ್ಲದ ಅಕ್ಷರಗಳು ಕಾಣುತ್ತಿದ್ದುದರಿಂದ, ಫಾಂಟೇ ಕನ್ನಡ ಎಂದು ಒಂದು ಇಡೀ ತಲೆಮಾರು ನಂಬಿತು. ಆ ಕಾಲಕ್ಕೆ ಅದು ತಪ್ಪೂ ಆಗಿರಲಿಲ್ಲ.

ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯುನಿಕೋಡ್‌ ಪದ್ಧತಿಯಲ್ಲಿ ಹಾಗಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಸ್ವಂತ ಜಾಗವಿದೆ. 'ಕ' ಎಂದರೆ 3221, ಯಾವ ಫಾಂಟ್ ಹಾಕಿದರೂ 3221. ಲೋಹಿತ್, ನೋಟೋ, ಗುಬ್ಬಿ, ನವಿಲು ಇವುಗಳಲ್ಲಿ ಯಾವುದನ್ನು ಆರಿಸಿದರೂ ಬದಲಾಗುವುದು ಅಕ್ಷರದ ಅಂದವೇ ಹೊರತು ಅಕ್ಷರವಲ್ಲ. ಅನುಮಾನವಿದ್ದರೆ ನಿಮ್ಮ ಹಳೆಯ ಕಡತದ ಒಂದು ಪದವನ್ನು ಬ್ರೌಸರಿನ ವಿಳಾಸಪಟ್ಟಿಯಲ್ಲಿ ಅಂಟಿಸಿ ನೋಡಿ. ಅಲ್ಲಿ ಕನ್ನಡ ಕಾಣದಿದ್ದರೆ ಆ ಕಡತವನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತರಬೇಕು. ಫಾಂಟ್ ಹುಡುಕಿ ಫಲವಿಲ್ಲ. ನುಡಿಯ ಈಚಿನ ಆವೃತ್ತಿಗಳಲ್ಲಿ ಯುನಿಕೋಡ್‌ನಲ್ಲಿಯೇ ಬರೆದವರಿಗೆ ಈ ತೊಂದರೆ ಇರುವುದಿಲ್ಲ.

ಆಯ್ಕೆಯ ಪಟ್ಟಿಯಲ್ಲಿ ಕಗಪ ಎಂಬ ಹೆಸರು ಎರಡು ಕಡೆ ಕಾಣುವುದರಿಂದ ಗೊಂದಲವಾಗುವುದು ಸಹಜ. ವ್ಯವಸ್ಥೆಯೊಂದಿಗೇ ಬರುವ ಎಕ್ಸ್‌ಕೆಬಿ ವಿನ್ಯಾಸದಲ್ಲಿ ಪ್ರತಿ ಕೀಲಿಗೂ ನಿಗದಿತ ಅಕ್ಷರವಿರುತ್ತದೆ. ಹಿಂದೆ ವ್ಯಂಜನವಿದೆಯೇ ಎಂದು ಅದು ನೋಡಲಾರದು. ಸ್ವರವನ್ನು ತಾನಾಗಿಯೇ ಕಾಗುಣಿತದ ಚಿಹ್ನೆಯಾಗಿಸುವ, ನುಡಿಗೆ ಒಗ್ಗಿದ ಕೈಗೆ ಹೊಂದುವ ವಿನ್ಯಾಸ ಎಂ17ಎನ್‌ನದು.

ಕೇಳದಿದ್ದರೂ ಇನ್ನೊಂದು ವಿಷಯ. ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟು, ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ನೋಡಿದರೆ ಒತ್ತಕ್ಷರಗಳು ಚದುರಿದಂತೆ ಕಾಣಬಹುದು. ಟರ್ಮಿನಲ್ ಪರದೆಯನ್ನು ಸಮ ಅಗಲದ ಮನೆಗಳಾಗಿ ವಿಂಗಡಿಸುತ್ತದೆ, ಮತ್ತು ಒತ್ತುಗಳನ್ನು ಜೋಡಿಸುವ ಕೆಲಸವನ್ನು ಅನೇಕ ಟರ್ಮಿನಲ್‌ಗಳು ಸರಿಯಾಗಿ ಮಾಡುವುದಿಲ್ಲ. ಕಡತದ ಹೆಸರು ಕೆಟ್ಟಿರುವುದಿಲ್ಲ; ಫೈಲ್ಸ್ ಕಿಟಕಿಯಲ್ಲಿ ಅದೇ ಹೆಸರು ಸರಿಯಾಗಿ ಕಾಣುತ್ತದೆ. ದಯವಿಟ್ಟು ಅದಕ್ಕೂ ಫಾಂಟ್ ಬದಲಿಸಲು ಹೊರಡಬೇಡಿ.